ಓದುಗರ ಪ್ರಶ್ನೆಗೆ ಉತ್ತರ: ಗ್ರಾಹಕರ ಮೇಲ್‌ಗೆ ತಂತಾನೇ ನಕಲು

ಪ್ರಶ್ನೆ (ಬ್ಯಾಡಗಿ): ನಮ್ಮದು ಒಣಮೆಣಸಿನಕಾಯಿ ವ್ಯಾಪಾರ. ಖರೀದಿದಾರರ ಜತೆ ನಾಲ್ವರು ಮೇಲ್ ಮಾಡುತ್ತಾರೆ. ಒಬ್ಬರು ರಜೆ ಹಾಕಿದರೆ ಯಾವ ದರಕ್ಕೆ ಒಪ್ಪಿದ್ದೆವು ಎಂಬುದೇ ಸಿಗುವುದಿಲ್ಲ. ಸರ್ವರ್‌ನಲ್ಲಿ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ತಂತ್ರಾಂಶ ಇದೆ. ಗ್ರಾಹಕರ ಮೇಲ್‌ಗಳಿಗೆ ಮಾತ್ರ ನಕಲು ಇಡುವುದು ಹೇಗೆ?

ಉತ್ತರ: ಗುಪ್ತ ನಕಲು (ಬಿಸಿಸಿ) ಕಳಿಸುವ ಸೆಟ್ಟಿಂಗ್‌ಗಳಲ್ಲಿ ‘ಆಲ್ವೇಸ್_ಬಿಸಿಸಿ’ ಹಾಕಬೇಡಿ. ಅದು ಸಂಬಳದ ಚೀಟಿಯಿಂದ ಸ್ಪ್ಯಾಮ್‌ವರೆಗೆ ಎಲ್ಲವನ್ನೂ ನಕಲಿಸುತ್ತದೆ. ನಿಮಗೆ ಬೇಕಾದವು ಎರಡು: ಗ್ರಾಹಕರಿಂದ ಬರುವ ಮೇಲ್‌ಗೆ ‘ಸೆಂಡರ್_ಬಿಸಿಸಿ_ಮ್ಯಾಪ್ಸ್’, ಅವರಿಗೆ ಹೋಗುವುದಕ್ಕೆ ‘ರೆಸಿಪಿಯಂಟ್_ಬಿಸಿಸಿ_ಮ್ಯಾಪ್ಸ್’. ಒಂದನ್ನೇ ಹಾಕಿದರೆ ಅರ್ಧ ಮಾತುಕತೆ ಮಾತ್ರ ಉಳಿಯುತ್ತದೆ. ಮುಖ್ಯ ಕಡತವಾದ ಮೇನ್.ಸಿಎಫ್‌ನಲ್ಲಿ ಎರಡಕ್ಕೂ ಒಂದೇ ಹ್ಯಾಶ್ ಪಟ್ಟಿಯನ್ನು ತೋರಿಸಬಹುದು. ಪಟ್ಟಿಯಲ್ಲಿ ಸಾಲಿಗೊಬ್ಬ ಗ್ರಾಹಕ: ಎಡಕ್ಕೆ @ ಸಮೇತ ಅವರ ಡೊಮೇನ್, ಜಾಗ ಬಿಟ್ಟು ಬಲಕ್ಕೆ ನಕಲು ಪೆಟ್ಟಿಗೆಯ ವಿಳಾಸ. ಬಲಕ್ಕೆ ಒಂದೇ ವಿಳಾಸ ನಡೆಯುತ್ತದೆ. ಇಬ್ಬರಿಗೆ ಬೇಕಿದ್ದರೆ ಒಂದು ಅಲಿಯಾಸ್ (ಹಲವರಿಗೆ ಹಂಚುವ ವಿಳಾಸ) ಮಾಡಿ. ಗ್ರಾಹಕರು ಜಿಮೇಲ್ ಬಳಸುತ್ತಿದ್ದರೆ ಪೂರ್ತಿ ವಿಳಾಸವನ್ನೇ ಬರೆಯಿರಿ, ಡೊಮೇನ್ ಬರೆದರೆ ಊರಿನವರೆಲ್ಲರ ಜಿಮೇಲ್ ಬಂದು ಬೀಳುತ್ತದೆ. ಉಪಡೊಮೇನ್ ಇದ್ದರೆ ಅದಕ್ಕೆ ಬೇರೆ ಸಾಲು.

ಪಟ್ಟಿ ತಿದ್ದಿದಾಗಲೆಲ್ಲ, ಅದನ್ನು ಪೋಸ್ಟ್‌ಫಿಕ್ಸ್ ಓದುವ ಹ್ಯಾಶ್ ರೂಪಕ್ಕೆ ತರುವ ‘ಪೋಸ್ಟ್‌ಮ್ಯಾಪ್’ ಆದೇಶ ಓಡಿಸಬೇಕು. ಇದನ್ನು ಮರೆತರೆ ಹಳೆಯ ಪಟ್ಟಿಯೇ ನಡೆಯುತ್ತಿರುತ್ತದೆ, ಲಾಗ್‌ನಲ್ಲಿ ಒಂದು ಎಚ್ಚರಿಕೆಯ ಸಾಲು ಬೀಳುತ್ತದೆ ಅಷ್ಟೆ. ಮೇನ್.ಸಿಎಫ್ ತಿದ್ದಿದ್ದರೆ ‘ಪೋಸ್ಟ್‌ಫಿಕ್ಸ್ ರೀಲೋಡ್’ ಕೂಡ ಬೇಕು. ಆಮೇಲೆ ‘ಪೋಸ್ಟ್‌ಮ್ಯಾಪ್ -ಕ್ಯೂ’ ಕೊಟ್ಟು @ ಸಮೇತ ಡೊಮೇನ್ ಕೇಳಿ. ನಕಲು ಪೆಟ್ಟಿಗೆಯ ವಿಳಾಸ ಬಂದರೆ ಪಟ್ಟಿ ಸರಿಯಿದೆ.

ಇನ್ನು ನಿಜವಾದ ಅಪಾಯ. ನಕಲು ಪೆಟ್ಟಿಗೆಗೆ ಮೇಲ್ ತಲುಪದೆ ಪುಟಿದರೆ, ಪೋಸ್ಟ್‌ಫಿಕ್ಸ್ 2.3 ಮತ್ತು ನಂತರದ ಆವೃತ್ತಿಗಳು ಕಳಿಸಿದವರಿಗೆ ದೂರು ಕಳಿಸುವುದಿಲ್ಲ, ನಕಲು ಸದ್ದಿಲ್ಲದೆ ಕಳೆದುಹೋಗುತ್ತದೆ. ನಕಲು ಪಡೆಯುವ ಮುಂದಿನ ತಂತ್ರಾಂಶ ‘ದೂರು ಬೇಡ’ ಎಂಬ ಸೂಚನೆ ಪಾಲಿಸದಿದ್ದರೆ, ನಿಮ್ಮ ಗುಪ್ತ ಪೆಟ್ಟಿಗೆಯ ವಿಳಾಸ ಖರೀದಿದಾರರ ಕಣ್ಣಿಗೂ ಬೀಳಬಹುದು. ಪೆಟ್ಟಿಗೆ ತುಂಬುವುದು ಸುಲಭ: ಎಲ್ಲ ಮೇಲ್ ಒಂದೇ ಕಡತದಲ್ಲಿ ಕೂಡುವ ಎಂಬಾಕ್ಸ್ ಪದ್ಧತಿಗೆ ಪೋಸ್ಟ್‌ಫಿಕ್ಸ್ ಹಾಕಿರುವ ಮೂಲ ಮಿತಿ 5,12,00,000 ಬೈಟ್, ಸುಮಾರು 51 ಎಂಬಿ. ದಿನಕ್ಕೆ 200 ಮೇಲ್, ತಲಾ 500 ಕೆಬಿ ಎಂದು ಹಿಡಿದರೆ ಒಂದೇ ದಿನದಲ್ಲಿ 100 ಎಂಬಿ! ಒಂದೊಂದು ಮೇಲ್‌ಗೂ ಬೇರೆ ಕಡತ ಮಾಡುವ ಮೇಲ್‌ಡಿರ್ ಪದ್ಧತಿ ಬಳಸಿ. ಅಲ್ಲಿ ಮಿತಿ ಒಂದೊಂದು ಮೇಲ್‌ಗೆ ಮಾತ್ರ. ಈ ಲೆಕ್ಕದಲ್ಲಿ 26 ಕೆಲಸದ ದಿನಗಳ ತಿಂಗಳಿಗೆ 2.6 ಜಿಬಿ ಡಿಸ್ಕ್ ಬೇಕು.

ಸಿಬ್ಬಂದಿಗೆ ನಕಲಿನ ವಿಷಯ ಮೊದಲೇ ಬರಹದಲ್ಲಿ ತಿಳಿಸಿ. ಹೇಳದೆ ಓದುವುದು ಸರಿಯಲ್ಲ.

ಪ್ರಶ್ನೆ (ಗೋಕುಲ ರಸ್ತೆ, ಹುಬ್ಬಳ್ಳಿ): ಪೋಸ್ಟ್‌ಫಿಕ್ಸ್‌ನ ಬಿಸಿಸಿ ನಿಯಮ ಕೆಲಸ ಮಾಡುತ್ತಿದೆ, ಆದರೆ ಪ್ರತಿ ಮೇಲ್‌ಗೂ ಎರಡೆರಡು ನಕಲು. ವೈರಸ್ ತಪಾಸಣೆಗೆ ಅಮಾವಿಸ್ ಇದೆ.

ಉತ್ತರ: ಕಾರಣ ಅಮಾವಿಸೇ. ಮೇಲ್ ಅದರೊಳಗೆ ಹೋಗುವ ಮುಂಚೆ ಒಮ್ಮೆ, 10025ನೇ ಪೋರ್ಟ್‌ನಿಂದ ಮರಳಿದಾಗ ಇನ್ನೊಮ್ಮೆ ಪೋಸ್ಟ್‌ಫಿಕ್ಸ್‌ನ ‘ಕ್ಲೀನಪ್’ ಹಂತ ದಾಟುತ್ತದೆ. ಬಿಸಿಸಿ ಸೇರುವುದು ಅಲ್ಲೇ. ಪೋಸ್ಟ್‌ಫಿಕ್ಸ್ ಸೇವೆಗಳ ಕಡತವಾದ ಮಾಸ್ಟರ್.ಸಿಎಫ್‌ನಲ್ಲಿ 10025ರ ಸಾಲಿನ ‘ರಿಸೀವ್_ಓವರ್‌ರೈಡ್_ಆಪ್ಷನ್ಸ್’ಗೆ ‘ನೋ_ಅಡ್ರೆಸ್_ಮ್ಯಾಪಿಂಗ್ಸ್’ ಸೇರಿಸಿ. ಈಗಾಗಲೇ ಬೇರೆ ಪದಗಳಿದ್ದರೆ ಅಲ್ಪವಿರಾಮ ಹಾಕಿ, ಜಾಗ ಬಿಡದೆ ಬರೆಯಿರಿ. ಇದೇ ಪದವನ್ನು ಹೊರಗಿನಿಂದ ಮೇಲ್ ಬರುವ 25 ಮತ್ತು ಸಿಬ್ಬಂದಿ ಮೇಲ್ ಕಳಿಸುವ 587ರ ಸಾಲುಗಳಿಗೂ ಹಾಕಬೇಡಿ, ನಕಲೇ ನಿಂತುಹೋಗುತ್ತದೆ, ಜತೆಗೆ ವರ್ಚುವಲ್ ಅಲಿಯಾಸ್‌ಗಳೂ.

ಪ್ರಶ್ನೆ (ಗದಗ): ನಮ್ಮ ಮುದ್ರಣಾಲಯದ ಮೇಲ್ ನಕಲುಗಳನ್ನು ಮಾಲೀಕರ ಜಿಮೇಲ್‌ಗೇ ಕಳಿಸಬಹುದೇ?

ಉತ್ತರ: ಬೇಡ. ಗ್ರಾಹಕರಿಂದ ಬಂದ ಮೇಲ್‌ನ ನಕಲಿನಲ್ಲಿ ಲಕೋಟೆಯ ಮೇಲೆ ಕಳಿಸಿದವರೆಂದು ಗ್ರಾಹಕರ ವಿಳಾಸ, ಕಳಿಸುತ್ತಿರುವುದು ನಿಮ್ಮ ಸರ್ವರ್. ಅವರ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್ ದಾಖಲೆಯಲ್ಲಿ ನಿಮ್ಮ ಐಪಿ ಇರುವುದಿಲ್ಲ. ಅವರು ಡಿಕೆಐಎಂ (ಮೇಲ್ ಆ ಡೊಮೇನ್‌ನದ್ದೇ ಎಂದು ತೋರಿಸುವ ಡಿಜಿಟಲ್) ಸಹಿ ಹಾಕಿರದಿದ್ದರೆ ನಕಲು ಸ್ಪ್ಯಾಮ್‌ಗೆ ಹೋಗಬಹುದು ಅಥವಾ ತಿರಸ್ಕೃತವಾಗಬಹುದು, ಆಗ ಮೊದಲು ಹೇಳಿದಂತೆ ನಕಲು ಸದ್ದಿಲ್ಲದೆ ಕಳೆದುಹೋಗುತ್ತದೆ. ಪೆಟ್ಟಿಗೆ ನಿಮ್ಮ ಸರ್ವರ್‌ನಲ್ಲೇ ಇರಲಿ, ಮಾಲೀಕರು ಫೋನಿನಲ್ಲಿ ಐಮ್ಯಾಪ್ (ಸರ್ವರ್‌ನಲ್ಲಿರುವ ಮೇಲನ್ನು ಅಲ್ಲಿಂದಲೇ ಓದುವ ವಿಧಾನ) ಖಾತೆಯಾಗಿ ತೆರೆದು ಓದಲಿ.