ಅಪ್ಪನ ಸಿಗರೇಟು, ಅಮ್ಮನ ಮರೆವು

(ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದಿದ್ದು ಅಪ್ಪ, ಅಮ್ಮ, ಮಗಳು ಇದ್ದ ಒಂದು ಕುಟುಂಬ. ಅಮ್ಮನಿಗೆ 67 ವರ್ಷ. ಸುಮಾರು ಒಂದು ವರ್ಷದಿಂದ ಮರೆವು ಜಾಸ್ತಿ. ಸಾರಿಗೆ ಎರಡು ಸಲ ಉಪ್ಪು ಬೀಳುತ್ತೆ, ಹಾಲಿನ ಲೆಕ್ಕ ತಪ್ಪುತ್ತೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಅಪ್ಪ 40 ವರ್ಷದಿಂದ ಸಿಗರೇಟು ಸೇದುವವರು. ನಿವೃತ್ತಿಯಾದ ಮೇಲೆ ದಿನವಿಡೀ ಹಾಲ್‌ನಲ್ಲಿ, ಟಿವಿ ಮುಂದೆ.

"ಅಮ್ಮನ ತಲೆ ಹಾಳು ಮಾಡಿದ್ದೇ ಅಪ್ಪಾಜಿಯ ಸಿಗರೇಟು" ಎಂದರು ಮಗಳು. "ಸೇದೋದು ನಾನು. ನನ್ನ ನೆನಪು ಚೆನ್ನಾಗೇ ಇದೆಯಲ್ಲ ಮೇಡಂ? ಕಿಟಕಿ ಬೇರೆ ತೆಗೆದೇ ಇರುತ್ತೆ" ಎಂದರು ಅಪ್ಪ. ಅಮ್ಮನನ್ನು ಒಬ್ಬರೇ ಕೂರಿಸಿ ಮಾತಾಡಿಸಿದೆ. "ಇವರನ್ನ ಬೈಬೇಡ ಅಂತ ಮಗಳಿಗೆ ಹೇಳಿ. ಮನೇಲಿ ಜಗಳ ಆದ್ರೆ ನಂಗೆ ಇನ್ನೂ ಮರೆತುಹೋಗುತ್ತೆ" ಎಂದರು. ನಾನು ಮುಂದೆ ಹೇಳಿದ್ದೆಲ್ಲ ಈ ಮಾತನ್ನು ಇಟ್ಟುಕೊಂಡೇ.

ಮಗಳಿಗೆ ಹೇಳಿದೆ: ಪರೀಕ್ಷೆಗೂ ಮೊದಲೇ ಕಾರಣ ತೀರ್ಮಾನಿಸಬೇಡಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕಿವಿ ಮಂದವಾಗುವುದು, ಇವುಗಳಿಂದಲೂ ಮರೆವು ಕಾಣಿಸಿಕೊಳ್ಳುತ್ತೆ. ಮೊದಲು ನರರೋಗ ತಜ್ಞರನ್ನು ನೋಡಿ. ಹೊಗೆಯ ಬಗ್ಗೆ ನಿಮ್ಮ ಅನುಮಾನ ಸುಮ್ನೆ ಅಲ್ಲ. ಇಂಗ್ಲೆಂಡಿನಲ್ಲಿ 50 ದಾಟಿದ, ಸಿಗರೇಟು ಸೇದದವರ ಎಂಜಲಿನಲ್ಲಿ ಕೊಟಿನಿನ್ ಅಳೆದಿದ್ದರು. ನಿಕೋಟಿನ್ ಮೈಯಲ್ಲಿ ಕರಗಿದ ಮೇಲೆ ಉಳಿಯುವುದು ಅದು; ಸೇದದವರಲ್ಲಿ ಅದು ಹೆಚ್ಚಿದ್ದರೆ ಬೇರೆಯವರ ಹೊಗೆ ಹೆಚ್ಚು ಒಳಗೆ ಹೋಗಿದೆ ಎಂದರ್ಥ. 2009ರಲ್ಲಿ ಬಂದ ಆ ವರದಿಯಲ್ಲಿ, ಕೊಟಿನಿನ್ ಹೆಚ್ಚಿದ್ದವರಲ್ಲೇ ನೆನಪು, ಯೋಚನೆಯ ತೊಂದರೆಯೂ ಹೆಚ್ಚು ಕಂಡಿತ್ತು. ಆದರೆ ಎರಡೂ ಜೊತೆಗೆ ಕಂಡವು ಎಂದಷ್ಟೇ ಅದು ಹೇಳುತ್ತೆ. ನಿಮ್ಮ ಅಮ್ಮನಿಗೆ ಇದರಿಂದಲೇ ಹೀಗಾಯಿತು ಎಂದು ಯಾರೂ ಬೊಟ್ಟು ಮಾಡಲಾರರು.

ರಕ್ತದಲ್ಲಿ ಬಿ12 ತುಂಬ ಕಡಿಮೆ ಇತ್ತು. ಇಂಜೆಕ್ಷನ್ ಶುರುವಾಯಿತು. ಅಪ್ಪ ನಿರಾಳವಾಗಿ, "ನೋಡಿ, ಸಿಗರೇಟಿಂದ ಅಲ್ವಲ್ಲ" ಎಂದರು.

ಅವರ ಜೊತೆ ಹೆಚ್ಚು ಹೊತ್ತು ಕೂತಿದ್ದು ಆವಾಗಲೇ. ಬಿ12 ಸಿಕ್ಕಿತು ಎಂದು ಹೊಗೆ ಒಳ್ಳೆಯದಾಗಲಿಲ್ಲ ಸರ್, ಎಂದೆ. ಬೇರೆಯವರ ಹೊಗೆ ಕುಡಿಯುವವರಿಗೆ ಪಾರ್ಶ್ವವಾಯು ಬರುವ ಸಾಧ್ಯತೆ ಶೇ 20ರಿಂದ 30ರಷ್ಟು ಹೆಚ್ಚು. ಮಿದುಳಿನ ರಕ್ತನಾಳ ಕೆಟ್ಟರೆ ನೆನಪಿಗೂ ಪೆಟ್ಟು. ಈಗಾಗಲೇ ಸೋತಿರುವ ಮಿದುಳಿಗೆ ಇನ್ನೊಂದು ಹೊರೆ ಯಾಕೆ? ಕಿಟಕಿ, ಫ್ಯಾನು ಹೊಗೆಯನ್ನು ಪೂರ್ತಿ ಹೊರಗೆ ಹಾಕುವುದಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದುವುದು 2008ರ ಅಕ್ಟೋಬರ್ 2ರಿಂದ ದೇಶದಲ್ಲೆಲ್ಲ ನಿಷೇಧ. ಮನೆಯ ಹಾಲ್‌ಗೆ ಆ ಕಾನೂನು ಬರುವುದಿಲ್ಲ. 2016-17ರ ದೇಶದ ತಂಬಾಕು ಸಮೀಕ್ಷೆಯಲ್ಲಿ ಶೇ 38.7ರಷ್ಟು ವಯಸ್ಕರು ಮನೆಯಲ್ಲೇ ಈ ಹೊಗೆ ಕುಡಿಯುತ್ತಿದ್ದರು. ಗಂಡನಿಗೆ "ಹೊರಗೆ ಹೋಗಿ ಸೇದಿ" ಎನ್ನಲು ಆಗದೆ ಸುಮ್ಮನಿದ್ದ ಎಷ್ಟೋ ಹೆಂಗಸರನ್ನು ನಾನು ನೋಡಿದ್ದೇನೆ. ಇದು ನನಗೆ ತುಂಬ ನೋವಿನ ವಿಷಯ.

ಅಪ್ಪನಿಂದ ಕೇಳಿದ್ದು ಒಂದೇ: ಇವತ್ತಿನಿಂದ ಮನೆಯೊಳಗೆ ಬೇಡ. ಬಾತ್‌ರೂಮಿನಲ್ಲೂ ಬೇಡ, ಕಾರಿನಲ್ಲೂ ಬೇಡ. ಪೂರ್ತಿ ಬಿಡುವುದಕ್ಕೆ 1800-11-2356 ಉಚಿತ ಸಹಾಯವಾಣಿ ಇದೆ. ಅವರಿಗೆ ಕಷ್ಟವಾಗಿದ್ದು ಬೆಳಗಿನ ಕಾಫಿ ಜೊತೆಗಿನ ಸಿಗರೇಟು. ಕಾಫಿ ಕುಡಿದ ತಕ್ಷಣ ಇಬ್ಬರೂ ವಾಕಿಂಗ್ ಹೊರಡಿ ಎಂದೆ. ನಡಿಗೆ ಅಮ್ಮನ ಮಿದುಳಿಗೂ ಒಳ್ಳೆಯದು.

ಮಗಳಿಗೆ ಕೊನೆಗೆ ಕೊಟ್ಟ ಸಲಹೆ: ಅಪ್ಪನ ಸಿಗರೇಟು ಎಣಿಸುವ ಕೆಲಸ ಬಿಡಿ. ಅಮ್ಮನ ಬಿಪಿ, ಶುಗರ್, ಕಿವಿ ಪರೀಕ್ಷೆ ನೀವು ನೋಡಿಕೊಳ್ಳಿ. ಆರು ತಿಂಗಳ ನಂತರ ನೆನಪಿನ ಪರೀಕ್ಷೆ ಮತ್ತೆ ಮಾಡಿಸಿ. ಮರೆವು ಇನ್ನೂ ಹೆಚ್ಚಿದರೆ ಅಷ್ಟು ದಿನ ಕಾಯಬೇಡಿ.