ಮನೆಯ ಹಿರಿಯರಿಗೆ ಶುಶ್ರೂಷಾ ಕೇಂದ್ರದ ಆರೈಕೆ ಬೇಕೆಂದು ತೀರ್ಮಾನಿಸುವುದು ಯಾವಾಗ?

ವಯಸ್ಸನ್ನಾಗಲಿ ಕಾಯಿಲೆಯ ಹೆಸರನ್ನಾಗಲಿ ನೋಡಿ ಇದನ್ನು ತೀರ್ಮಾನಿಸಲಾಗದು. ಹಗಲುರಾತ್ರಿ ಬೇಕಾಗುವ ನೆರವು ಮನೆಯವರು ಸುರಕ್ಷಿತವಾಗಿ ಕೊಡಬಲ್ಲದ್ದನ್ನು ಮೀರಿದಾಗ, ಮತ್ತು ಆ ಸ್ಥಿತಿ ತಾತ್ಕಾಲಿಕವಲ್ಲ ಎಂದು ಖಚಿತವಾದಾಗ, ಶುಶ್ರೂಷಾ ಕೇಂದ್ರದ ಯೋಚನೆ ಮಾಡಬೇಕು.

ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ: ಸ್ನಾನ, ಬಟ್ಟೆ ತೊಡುವುದು, ಶೌಚಾಲಯದ ಬಳಕೆ, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ ಎಂಬ 6 ವಿಷಯಗಳಲ್ಲಿ ವ್ಯಕ್ತಿ ಎಷ್ಟರಲ್ಲಿ ಸ್ವತಂತ್ರರು ಎಂಬುದನ್ನು ಅದು ನೋಡುತ್ತದೆ. ಸ್ನಾನಕ್ಕಷ್ಟೇ ನೆರವು ಬೇಕಿದ್ದರೆ ದಿನಕ್ಕೊಮ್ಮೆ ಬಂದುಹೋಗುವ ಸಹಾಯಕರು ಸಾಕು. ಶೌಚಕ್ಕೂ ಎದ್ದು ಕೂರುವುದಕ್ಕೂ ಆಸರೆ ಬೇಕಾದಾಗ ಲೆಕ್ಕವೇ ಬದಲಾಗುತ್ತದೆ, ಏಕೆಂದರೆ ಆ ಅಗತ್ಯಗಳಿಗೆ ಹೊತ್ತುಗೊತ್ತಿಲ್ಲ. ರಾತ್ರಿ ಮೂರು ಬಾರಿ ಎದ್ದು ಅವರನ್ನು ನಡೆಸಿಕೊಂಡು ಹೋಗುವವರು ನಿದ್ದೆಗೆಟ್ಟು ಮಾತ್ರೆಯ ಹೊತ್ತು ಮರೆಯಬಹುದು, ಹಿಡಿತ ಜಾರಿ ಇಬ್ಬರೂ ಬೀಳಬಹುದು. ಹಾಗಾಗಿ ಹಗಲಿಗಿಂತ ರಾತ್ರಿಯನ್ನೇ ಮೊದಲು ಗಮನಿಸಬೇಕೆಂಬುದು ನನ್ನ ಅಭಿಪ್ರಾಯ.

ಆದರೆ ಗೊಂದಲವೋ ನಿಶ್ಶಕ್ತಿಯೋ ಕೆಲವೇ ದಿನಗಳಲ್ಲಿ ದಿಢೀರನೆ ಕಾಣಿಸಿಕೊಂಡಿದ್ದರೆ ಮೊದಲು ವೈದ್ಯರಿಗೆ ತೋರಿಸಬೇಕು. ಸೋಂಕು ಅಥವಾ ಔಷಧದ ಅಡ್ಡಪರಿಣಾಮ ಕಾರಣವಾಗಿದ್ದಲ್ಲಿ, ಚಿಕಿತ್ಸೆಯಿಂದ ಅವರು ಚೇತರಿಸಿಕೊಳ್ಳುವ ಸಾಧ್ಯತೆಯಿದೆ.