ಸಣ್ಣ ಬಿಸಿನೆಸ್ ಜೆಟ್‌ನ ಒಬ್ಬರೇ ಪೈಲಟ್ ಹಾರಿಸಬಹುದಾ?

ಜಕ್ಕೂರಲ್ಲಿ ಫ್ಲೈಯಿಂಗ್ ಕಲೀತಿದೀನಿ, ಅಮೆರಿಕಾದಲ್ಲಿರೋ ಚಿಕ್ಕಪ್ಪ ಅವರ ಸೈಟೇಶನ್ ಜೆಟ್‌ನ ಒಬ್ಬರೇ ಹಾರಿಸ್ತಾರೆ, ಇದು ಲೀಗಲ್ಲಾ ಅಂತ ಕೇಳಿದೀರಿ. ಲೀಗಲ್ಲೇ, ಆದ್ರೆ ಎಲ್ಲಾ ಜೆಟ್ಟಿಗೂ ಅಲ್ಲ, ಎಲ್ಲಾ ಪೈಲಟ್‌ಗೂ ಅಲ್ಲ. ನಾನೂ ಅಲ್ಲೇ ಸಿಜೆ (ಸೈಟೇಶನ್‌ಜೆಟ್, ಸೆಸ್ನಾ ಕಂಪನಿಯ ಸಣ್ಣ ಜೆಟ್) ಹಾರಿಸಿ ಈಗ ಬೆಂಗಳೂರಿಗೆ ಬಂದಿರೋದು, ಹಾಗಾಗಿ ಅಲ್ಲಿನ ರೂಲ್ಸ್ ಹೇಳ್ತೀನಿ, ಇಲ್ಲಿಗೆ ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ) ರೂಲ್ಸ್ ಬೇರೆ ನೋಡ್ಕೋಬೇಕು.

ಮೊದ್ಲು ವಿಮಾನಾನೇ ಸಿಂಗಲ್ ಪೈಲಟ್‌ಗೆ ಸರ್ಟಿಫೈ ಆಗಿರ್ಬೇಕು. 1977ರಲ್ಲಿ ಸೆಸ್ನಾದ ಸೈಟೇಶನ್ ಒನ್ ಎಸ್‌ಪಿ ಹಂಗೆ ಬಂತು, ಈಗ ಸಿಜೆಗಳು, ಫೆನಮ್ 100 ಮತ್ತೆ 300, ಹೋಂಡಾಜೆಟ್, ಪಿಸಿ-24 ಎಲ್ಲಾ ಇವೆ. ಆಮೇಲೆ ನಿಮ್ಮ ಟೈಪ್ ರೇಟಿಂಗು, ಅಂದ್ರೆ ಆ ಮಾದರಿ ವಿಮಾನ ಹಾರಿಸೋಕೆ ಲೈಸೆನ್ಸಲ್ಲಿ ಸಿಗೋ ಅನುಮತಿ. ಟೆಸ್ಟಲ್ಲಿ ಕೋ-ಪೈಲಟ್ ಇಟ್ಕೊಂಡು ಪಾಸಾದ್ರೆ ಲೈಸೆನ್ಸಲ್ಲಿ ಕೋ-ಪೈಲಟ್ ಬೇಕೇ ಬೇಕು ಅಂತ ಬರುತ್ತೆ, ಒಬ್ಬರೇ ಹಾರಿಸ್ಬೇಕಂದ್ರೆ ಎಂಜಿನ್ ಫೇಲು, ಚೆಕ್‌ಲಿಸ್ಟು, ರೇಡಿಯೋ ಎಲ್ಲಾ ಒಬ್ಬರೇ ಮಾಡಿ ತೋರಿಸ್ಬೇಕು. ವರ್ಷಕ್ಕೊಂದು ಚೆಕ್ ಕೂಡ ಇರುತ್ತೆ.

ಬಹಳ ಜನಕ್ಕೆ ಗೊತ್ತಿರಲ್ಲ, 35,000 ಅಡಿ ಮೇಲೆ ಒಬ್ಬರೇ ಇದ್ರೆ ಆಕ್ಸಿಜನ್ ಮಾಸ್ಕ್ ಹಾಕ್ಕೊಂಡೇ ಇರ್ಬೇಕು. ಮೂಗಿನ ಮೇಲೆ ಗುರುತು ಬೀಳುತ್ತೆ, ಮಾತು ಮಾಸ್ಕಿನ ಮೈಕಲ್ಲೇ, ನೀರು ಕುಡಿಯೋಕೂ ತೆಗೀಬೇಕು. ಅದಕ್ಕೇ ಎಷ್ಟೋ ಜನ ಸಿಂಗಲ್ ಪೈಲಟ್‌ಗಳು ಇಂಧನ ಜಾಸ್ತಿ ಹೋದ್ರೂ ಕೆಳಗೇ ಹಾರ್ತಾರೆ.

ದುಡ್ಡು ತಗೊಂಡು ಚಾರ್ಟರ್ ಹಾರಿಸಿದ್ರೆ ಕಥೆ ಬೇರೆ. ಅಮೆರಿಕಾದಲ್ಲಿ ಐಎಫ್‌ಆರ್‌ನಲ್ಲಿ (ಹೊರಗೆ ಕಣ್ಣಲ್ಲಿ ನೋಡಿ ಅಲ್ಲ, ಉಪಕರಣ ನೋಡಿ ಹಾರೋ ರೂಲ್ಸಲ್ಲಿ) ಪ್ಯಾಸೆಂಜರ್ ಕೂರಿಸ್ಕೊಂಡು ಒಬ್ಬರೇ ಹೋಗೋಕೆ ಸರಿಯಾಗಿ ಕೆಲಸ ಮಾಡೋ ಆಟೋಪೈಲಟ್ ಬೇಕು, ಅದೇ ಮಾಡೆಲ್‌ನಲ್ಲಿ ಕ್ಯಾಪ್ಟನ್ ಆಗಿ 100 ಗಂಟೆ ಆಗಿರ್ಬೇಕು, ಪ್ಯಾಸೆಂಜರ್ ಸೀಟು ಒಂಬತ್ತಕ್ಕಿಂತ ಜಾಸ್ತಿ ಇರ್ಬಾರ್ದು. ಯುರೋಪಲ್ಲಿ ಐಎಫ್‌ಆರ್ ಚಾರ್ಟರ್ ಜೆಟ್ಟಿಗೆ ಇಬ್ಬರು ಬೇಕು ಅಂತಾನೇ ಇದೆ.

ನನ್ ಕೇಳಿದ್ರೆ ಕಷ್ಟ ಇರೋದು ಹಾರಿಸೋದ್ರಲ್ಲಿ ಅಲ್ಲ. ಮೇ ತಿಂಗಳ ಸಾಯಂಕಾಲ ಬೆಂಗಳೂರು ಸುತ್ತ ಮಳೆ ಮೋಡ ಎದ್ದಿರುತ್ತೆ, ಕೊನೇ ಗಳಿಗೇಲಿ ರನ್‌ವೇ ಬದಲಾಗುತ್ತೆ, ಹೊಸ ಅಪ್ರೋಚ್ (ಇಳಿಯೋ ದಾರಿ) ಕಂಪ್ಯೂಟರ್‌ಗೆ ಲೋಡ್ ಮಾಡ್ಬೇಕು, ರಡಾರಲ್ಲಿ ಮೋಡ ನೋಡ್ಬೇಕು, ಕಂಟ್ರೋಲ್‌ನವರು ಹೇಳಿದ್ದನ್ನ ತಿರುಗಿ ಹೇಳಿ ರೀಡ್‌ಬ್ಯಾಕ್ ಕೊಡ್ಬೇಕು, ಸ್ಪೀಡ್ ಇಳಿಸ್ಬೇಕು, ನೀವು ತಲೆ ಬಗ್ಗಿಸಿ ಟೈಪ್ ಮಾಡ್ತಿರುವಾಗ ಆಲ್ಟಿಟ್ಯೂಡ್ ನೋಡೋರು ಯಾರೂ ಇರಲ್ಲ. ಅಂಥ ದಿನ ಮನೆಯವರನ್ನ ಕೂರಿಸ್ಕೊಂಡು ಒಬ್ಬರೇ ಹೊರಡೋದು ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಚಿಕ್ಕಪ್ಪನ್ನ ಇನ್ಶೂರೆನ್ಸ್ ಕಂಡೀಷನ್ನೂ ಕೇಳಿ, ಲೈಸೆನ್ಸ್ ಒಬ್ಬರೇ ಸಾಕು ಅಂದ್ರೂ ಪಾಲಿಸಿಯವರು ಮೊದಲೊಂದಷ್ಟು ಗಂಟೆ ಅನುಭವಿ ಪೈಲಟ್ ಪಕ್ಕದಲ್ಲಿರ್ಲೇಬೇಕು ಅಂತ ಬರೆದಿರೋದು ಮಾಮೂಲು.